ಗಾಜಿನ ಕೋಣೆಗೆ ನಾಲ್ಕು ಹೆಜ್ಜೆ

ಎಂಬತ್ತನಾಲ್ಕನೇ ಇಸವಿಯ, ಮಳೆ ಬಿಡದೆ ಸುರಿಯುವ ಆಟಿ ತಿಂಗಳು, ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಉರ್ವದಿಂದ ಕುದ್ರೋಳಿಯ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಮಕ್ಕಳ ಆಸ್ಪತ್ರೆಯ ವಾರ್ಡಿನಲ್ಲಿ, ಪಡುವಣ ತುದಿಯ ಗಾಜಿನ ಕೋಣೆಯಿಂದ ನಾಲ್ಕು ಹೆಜ್ಜೆ ಈಚೆಗೆ ನಾನು ನಿಂತಿದ್ದೆ. ಬಲಗಡೆ ಕಿಟಕಿ, ಎಡಗಡೆ ಕೈ ತೊಳೆಯುವ ಬೇಸಿನ್. ಎರಡೂ ಕೈಯಲ್ಲಿ ಹಿಡಿದ ಸ್ಟೀಲ್ ಟ್ರೇಯ ಮೇಲೆ, ಆವಿಯಲ್ಲಿ ಬೇಯಿಸಿ ಒಣಗಿಸಿದ ಬಟ್ಟೆಯ ನಡುವೆ, ಒಂದು ಗಾಜಿನ ಬಾಟಲಿ ಇತ್ತು. ಗಡಿಯಾರ ಎದುರಿನ ಗೋಡೆಯಲ್ಲೇ ಇದ್ದುದರಿಂದ ಸಮಯದ ವಿಷಯದಲ್ಲಿ ನನಗೆ ಸಂಶಯವಿಲ್ಲ. ನಾಲ್ಕು ಹೆಜ್ಜೆ ಎಂಬುದನ್ನು ಆಮೇಲೆ ನಾನೇ ನಡೆದು ನೋಡಿದ್ದೇನೆ.

ಆ ಆಸ್ಪತ್ರೆ ಈಗಿಲ್ಲ. ಆ ಜಾಗದಲ್ಲಿ ಫ್ಲ್ಯಾಟುಗಳು ಎದ್ದಿವೆ. ಕಳೆದ ತಿಂಗಳು ಹೆಂಡತಿಯ ನೆಂಟರ ಮನೆಯ ಪೂಜೆಗೆಂದು ಅಲ್ಲಿಗೆ ಹೋದೆವು. ಕೆಳಗೆ ಸ್ಕೂಟರ್ ನಿಲ್ಲಿಸುವಾಗ ಒಬ್ಬ ಹೆಂಗಸು ಒಡೆದ ಟ್ಯೂಬ್‌ಲೈಟಿನ ಚೂರುಗಳನ್ನು ಹಿಡಿಸೂಡಿಯಿಂದ ಗುಡಿಸುತ್ತಿದ್ದಳು. ಪಕ್ಕದಲ್ಲಿ ಫಿನೈಲಿನ ಬಾಲ್ದಿ. ಒದ್ದೆ ಸಿಮೆಂಟಿನ ಮೇಲೆ ಗಾಜು ಉಜ್ಜುವ ಸದ್ದು, ಆ ವಾಸನೆ. ನನ್ನ ಎರಡೂ ಕೈಗಳು ತಾವಾಗಿಯೇ ಮುಂದೆ ಚಾಚಿ, ಏನನ್ನೋ ಹಿಡಿದಂತೆ ನಿಂತವು.

“ಎಂತ ಆಯ್ತು ನಿಮಗೆ?” ಎಂದಳು ಹೆಂಡತಿ.

“ಎಂತ ಇಲ್ಲ” ಎಂದೆ. ನಲವತ್ತು ವರ್ಷ ಹಾಗೆಯೇ ಹೇಳುತ್ತಾ ಬಂದಿದ್ದೇನೆ. ಈಗ ಬರೆಯುತ್ತೇನೆ.

ನಾನು ಅಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ರಕ್ತ ತೆಗೆಯುವುದು, ಗುಂಪು ನೋಡುವುದು, ಗಾಜಿನ ಪಟ್ಟಿಯ ಮೇಲೆ ಹನಿ ಸವರಿ ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸುವುದು ನನ್ನ ಕೆಲಸ. ಅಪ್ಪ ದೇವಸ್ಥಾನದ ಅರ್ಚಕರು. ವಾರ್ಡಿನ ಹಿರಿಯ ನರ್ಸ್ ಐರಿನ್ ಬಾಯಿ ನನ್ನನ್ನು ಕಂಡಾಗಲೆಲ್ಲ, “ನೋಡಿ ಮಾರಾಯ್ರೆ, ಅಪ್ಪ ಊರಿಗೆಲ್ಲ ತೀರ್ಥ ಕೊಡ್ತಾರೆ, ಮಗ ಊರವರ ರಕ್ತ ತೆಗೀತಾನೆ” ಎಂದು ನಗುತ್ತಿದ್ದರು.

ಎಂಬತ್ತೆರಡರ ಮಳೆಗಾಲದಲ್ಲಿ ಉರ್ವದ ಜಲಜಾಕ್ಷಿ ಎಂಬವರು ಐದು ತಿಂಗಳ ಗಂಡುಮಗುವನ್ನು ಕರೆತಂದರು. ಬಾಯಿಯ ತುಂಬ ಬಿಳಿ ಹುಣ್ಣು, ಬಿಡದ ಕೆಮ್ಮು, ನಿಲ್ಲದ ಭೇದಿ. ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ರಕ್ತ ಕೊಡಬೇಕೆಂದು ಆಗಿನ ಡಾಕ್ಟರು ಹೇಳಿದ ಕೂಡಲೇ ಅವರ ಅಣ್ಣ ಶೀನಣ್ಣ ಅಂಗಿಯ ತೋಳು ಮಡಚಿ ನನ್ನ ಮುಂದೆ ಕುಳಿತರು. ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟುಕೊಂಡಿದ್ದ ಎತ್ತರದ, ಗಟ್ಟಿ ನಗುವಿನ ಮನುಷ್ಯ.

“ತೆಗೀರಿ ಭಟ್ರೆ, ಎಷ್ಟು ಬೇಕಾದ್ರೂ ತೆಗೀರಿ. ನಮ್ಮ ಹೋಟೆಲಿನ ಸಾಂಬಾರಿನ ಹಾಗೆ, ಬಿಸಿಬಿಸಿ ಉಂಟು.”

ಹತ್ತಿರದ ಸಂಬಂಧಿಕರ ರಕ್ತ, ಅದರಲ್ಲೂ ಆಗಷ್ಟೇ ತೆಗೆದದ್ದು, ಎಲ್ಲಕ್ಕಿಂತ ಒಳ್ಳೆಯದೆಂದು ಆಗ ನಾವೆಲ್ಲ ನಂಬಿದ್ದೆವು. ಬಾಟಲಿ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಕಾಲು ಗಂಟೆಯೊಳಗೆ ಅದು ಮಗುವಿನ ಮೈಗೆ ಇಳಿಯತೊಡಗಿತು. ಒಂದು ವಾರ ಮಗುವಿನ ಕೆನ್ನೆ ಕೆಂಪಾಗಿತ್ತು. ಶೀನಣ್ಣ ವಾರ್ಡಿಗೆಲ್ಲ ಬಾಳೆಹಣ್ಣಿನ ಹಲ್ವ ಹಂಚಿದರು.

ಹತ್ತನೇ ದಿನ ಜ್ವರ ಬಂತು. ಕಿವಿಯ ಹಿಂದೆ, ಅಂಗೈಯಲ್ಲಿ, ಪಾದದಲ್ಲಿ ಕೆಂಪು ಗಂಧೆ ಎದ್ದಿತು. ಮರುದಿನ ಅದು ಮೈಯೆಲ್ಲ ಹರಡಿ ಬೊಬ್ಬೆಯಾಯಿತು. ಜಲಜಾಕ್ಷಿ ಎತ್ತಿಕೊಂಡಾಗ ಮಗುವಿನ ಬೆನ್ನಿನ ಚರ್ಮ ಅವರ ಬೆರಳಿಗೆ ಅಂಟಿಕೊಂಡು ಬಂತು. ಆಮೇಲೆ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಬಾಳೆಲೆಯ ಮೇಲೆ ಮಲಗಿಸಿದರು. ಅಳುವ ಶಕ್ತಿ ಹೋದ ಮೇಲೂ ಬಾಯಿ ಅಳುವಂತೆಯೇ ತೆರೆದಿತ್ತು. ಹದಿನಾರನೇ ದಿನ ಪ್ರಾಣ ಹೋಯಿತು. ಮನೆಯ ದೈವ ಮುನಿದಿದೆ ಎಂದರು ಶೀನಣ್ಣ. ನಮ್ಮಲ್ಲಿ ಯಾರ ಬಳಿಯೂ ಬೇರೆ ಉತ್ತರ ಇರಲಿಲ್ಲ.

ಉತ್ತರ ತಂದವರು ಡಾಕ್ಟರ್ ನಿರ್ಮಲಾ. ಮೈಯ ಕಾವಲಿಲ್ಲದೆ, ಎಂದರೆ ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳ ಬಗ್ಗೆ ಹೊರದೇಶದಲ್ಲಿ ವರ್ಷಗಟ್ಟಲೆ ಸಂಶೋಧನೆ ಮಾಡಿ, ಮರುವರ್ಷ ಊರಿಗೆ ಬಂದು ನಮ್ಮ ಆಸ್ಪತ್ರೆ ಸೇರಿದರು. ಸಣ್ಣ ದನಿ, ದಪ್ಪ ಕನ್ನಡಕ. ಬಂದ ತಿಂಗಳೇ ಹಳೆಯ ಕಾಗದಗಳನ್ನೆಲ್ಲ ಓದಿ ಆ ಮಗುವಿನ ಸ್ಲೈಡು ಕೇಳಿದರು. ನಾನು ಯಾವ ಸ್ಲೈಡನ್ನೂ ಎಸೆಯುವವನಲ್ಲ. ಮರದ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ತುಂಬ ಹೊತ್ತು ನೋಡಿದರು.

“ಭಟ್ರೆ, ಇದರಲ್ಲಿ ಲಿಂಫೋಸೈಟ್ ಎಲ್ಲಿ ಉಂಟು? ನೀವೇ ತೋರಿಸಿ.”

ಲಿಂಫೋಸೈಟ್ ಎಂದರೆ ಬಿಳಿಕಣಗಳಲ್ಲಿ ಒಂದು ಬಗೆ. ಹೊರಗಿನದನ್ನು ಗುರುತಿಸಿ ಕೊಲ್ಲುವ ಕಾವಲಿನ ಕಣ. ಅರ್ಧ ಗಂಟೆ ಹುಡುಕಿದೆ. ಎರಡು ಸಿಕ್ಕಿದವು. ನನ್ನ ಹಳೆಯ ರಿಪೋರ್ಟಿನಲ್ಲಿ ‘ಕಡಿಮೆ’ ಎಂದಷ್ಟೇ ಬರೆದಿದ್ದೆ.

“ಮತ್ತೆ ಆ ರಕ್ತ? ಯಾರದ್ದು? ತೆಗೆದು ಎಷ್ಟು ಹೊತ್ತಿಗೆ ಹಾಕಿದ್ದು?”

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮಗುವಿಗೆ ಕಾವಲೇ ಇರಲಿಲ್ಲ. ಶೀನಣ್ಣನ ರಕ್ತದಲ್ಲಿದ್ದ ಜೀವಂತ ಕಾವಲಿನ ಕಣಗಳು ಆ ಮೈಯೊಳಗೆ ನೆಲೆಯೂರಿ, ಮಗುವಿನ ಮೈಯನ್ನೇ ಹೊರಗಿನದೆಂದು ತಿಳಿದು ಸುಟ್ಟವು. ಇಷ್ಟನ್ನು ನಿಧಾನವಾಗಿ ಹೇಳಿ, “ಇದು ಶೀನಣ್ಣನಿಗೆ ಗೊತ್ತಾಗ್ಬಾರ್ದು, ಭಟ್ರೆ. ಯಾವತ್ತೂ. ಪ್ರೀತಿಯಿಂದ ಕೊಟ್ಟದ್ದು ಅದು” ಎಂದರು. ಆಯ್ತು ಎಂದೆ.

ಅಷ್ಟರಲ್ಲಿ ಜಲಜಾಕ್ಷಿ ಮತ್ತೆ ಬಸುರಿಯಾಗಿದ್ದರು. ಡಾಕ್ಟರು ನನ್ನನ್ನೂ ಕರೆದುಕೊಂಡು ಉರ್ವದ ಅವರ ಮನೆಗೆ ಹೋದರು. ಅಳಿಯಸಂತಾನದ ಮನೆ ಅದು. ಕಾನೂನು ಬದಲಾಗಿ ವರ್ಷಗಳಾಗಿದ್ದರೂ, ಆ ಮನೆಯವರು ವಂಶ ಎಣಿಸುತ್ತಿದ್ದದ್ದು ತಾಯಿಯ ಕಡೆಯಿಂದ, ಮನೆಯ ಮಾತು ನಡೆಯುತ್ತಿದ್ದದ್ದು ಸೋದರಮಾವನದ್ದು. ಮಕ್ಕಳ ತಂದೆ ಬೊಂಬಾಯಿಯಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬರುವ ಅತಿಥಿ. ಆ ಮನೆಯ ಮುದುಕಿಯೊಬ್ಬರು ಅಜ್ಜಿಯ ಅಜ್ಜಿಯವರೆಗೆ ಹೆಸರು ಹೇಳುತ್ತಾ ಹೋದರು, ಡಾಕ್ಟರು ನೆಲದ ಮೇಲೆ ಕಾಗದ ಹಾಸಿ ಬರೆಯುತ್ತಾ ಹೋದರು. ಆ ವಂಶವೃಕ್ಷದಲ್ಲಿ ವರ್ಷ ತುಂಬುವ ಮೊದಲೇ ಸತ್ತ ಏಳು ಗಂಡುಮಕ್ಕಳಿದ್ದರು. ಏಳೂ ಹೆಣ್ಣಿನ ಕೊಂಡಿಯಲ್ಲೇ ಬಂದವು. ದೋಷ ತಾಯಂದಿರಲ್ಲಿ ಅಡಗಿ ಹರಿದು ಗಂಡುಮಕ್ಕಳಲ್ಲಿ ಮಾತ್ರ ಏಳುತ್ತದೆ ಎಂದು ಅವರು ಹಿಂತಿರುಗುವಾಗ ಸಿಟಿಬಸ್ಸಿನಲ್ಲಿ ನನಗೆ ಹೇಳಿದರು. ಬೇರೆ ಮನೆಯವರಿಗೆ ಇಷ್ಟು ಹಿಂದಿನದು ನೆನಪಿರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿತು. ಪ್ರಸಾದ ಎಂದು ಹೆಸರಿಟ್ಟರು. ಮೊದಲ ದಿನವೇ ಸ್ಲೈಡು ನೋಡಿದೆ. ಖಾಲಿ. ಡಾಕ್ಟರು ಮರದ ಕೆಲಸದ ಆಚಾರಿಯನ್ನು ಕರೆಸಿ ವಾರ್ಡಿನ ತುದಿಯಲ್ಲಿ ಮೂರು ಬದಿ ಗಾಜಿನ ಕೋಣೆ ಮಾಡಿಸಿದರು. ಮಗುವಿಗೆ ಮುಟ್ಟುವುದನ್ನೆಲ್ಲ ಐರಿನ್ ಬಾಯಿ ಬೇಯಿಸಿ ಕೊಡುತ್ತಿದ್ದರು. ಏಳು ವರ್ಷದ ಅಕ್ಕ ವಿನಯ ಶಾಲೆ ಬಿಟ್ಟ ಮೇಲೆ ಬಂದು ಗಾಜಿಗೆ ಮೂಗು ಒತ್ತಿ ಹಂದಿಯ ಮುಖ ಮಾಡುತ್ತಿದ್ದಳು. ಮಗು ಕೇಕೆ ಹಾಕುವುದು ನಮಗೆ ಕಾಣುತ್ತಿತ್ತು, ಸರಿಯಾಗಿ ಕೇಳಿಸುತ್ತಿರಲಿಲ್ಲ.

ಆ ಕೋಣೆಯಲ್ಲಿ ಅದನ್ನು ಎಷ್ಟು ದಿನ ಇಡಬಹುದು? ಒಂದೇ ದಾರಿ ಇತ್ತು. ಹೊಂದುವ ಒಡಹುಟ್ಟಿದವರ ಎಲುಬಿನ ಮಜ್ಜೆ ತೆಗೆದು ಮಗುವಿನ ರಕ್ತನಾಳಕ್ಕೆ ಕೊಟ್ಟರೆ, ಅದರೊಳಗಿನ ಮೂಲಕಣಗಳು ಮಗುವಿನ ಎಲುಬಿನಲ್ಲಿ ನೆಲೆನಿಂತು ಹೊಸ ಕಾವಲನ್ನು ಹುಟ್ಟಿಸಬಹುದು. ಇವತ್ತು ಪತ್ರಿಕೆಗಳಲ್ಲೆಲ್ಲ ಕಾಂಡಕೋಶ ಎಂದು ಬರೆಯುವುದು ಅದನ್ನೇ. ಅಕ್ಕನ ಮತ್ತು ತಮ್ಮನ ರಕ್ತವನ್ನು ಥರ್ಮಾಸಿನಲ್ಲಿಟ್ಟು ಹೊಂದಾಣಿಕೆಯ ಪರೀಕ್ಷೆಗೆಂದು ಬಜ್ಪೆಯಿಂದ ವಿಮಾನದಲ್ಲಿ ಬೊಂಬಾಯಿಗೆ ಕಳಿಸಿದೆವು. ಆಟಿ ಹಿಡಿಯುವ ಮೊದಲು ಕಾಗದ ಬಂತು. ಹೊಂದುತ್ತದೆ. ಆ ದಿನ ಡಾಕ್ಟರು ಕ್ಯಾಂಟೀನಿನಲ್ಲಿ ಎರಡು ಗೋಳಿಬಜೆ ತಿಂದರು. ಅವರು ಏನನ್ನಾದರೂ ಆಸೆಯಿಂದ ತಿಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಶೀನಣ್ಣ ಒಪ್ಪಲಿಲ್ಲ. ವರಾಂಡದಲ್ಲಿ, ಮಾಡಿನಿಂದ ನೀರು ಧೋ ಎಂದು ಬೀಳುತ್ತಿರುವಾಗ, ಅವರು ಮೆಲ್ಲಗೇ ಮಾತಾಡಿದರು.

“ಡಾಕ್ಟ್ರಮ್ಮ, ಗಂಡುಹುಡುಗ ನಮ್ಮ ಮನೆಗೆ ಪ್ರೀತಿಗೆ. ಮನೆ ಮುಂದೆ ಹೋಗುವುದು ಇವಳಲ್ಲಿ. ಒಬ್ಬಳೇ ಇರುವುದು. ಇವಳ ಸೊಂಟಕ್ಕೆ ನೀವು ಸೂಜಿ ಕೊರೆದು, ನಾಳೆ ಇವಳಿಗೆ ಹೆರ್ಲಿಕ್ಕೆ ಆಗದಿದ್ರೆ? ಕುಟುಂಬಕ್ಕೆ ಮತ್ತೆ ಯಾರು?”

“ಎಲುಬಿಗೂ ಗರ್ಭಕ್ಕೂ ಸಂಬಂಧ ಇಲ್ಲ ಶೀನಣ್ಣ. ತೆಗೆದದ್ದು ಕೆಲವೇ ವಾರದಲ್ಲಿ ಪುನಃ ತುಂಬ್ತದೆ.”

“ಅದು ನಿಮ್ಮ ಪುಸ್ತಕದಲ್ಲಿ. ನನ್ನದು ತೆಗೀರಿ. ಎರಡು ಬಾಟ್ಲಿ ತೆಗೀರಿ.”

“ನಿಮ್ಮದು ಹೊಂದುವುದಿಲ್ಲ.”

“ಅವತ್ತು ಹೊಂದಿತ್ತಲ್ಲ? ಭಟ್ರೇ ನೋಡಿದ್ದಲ್ವಾ? ಹೇಳಿ ಭಟ್ರೆ.”

ಡಾಕ್ಟರು, “ಆಗಿನದು ಬೇರೆ” ಎಂದು ಹೇಳಿ ಒಳಗೆ ಹೋದರು.

ಅದೇ ವಾರ ಮಗುವಿಗೆ ಕೆಮ್ಮು ಶುರುವಾಯಿತು. ಇನ್ನು ಕಾಯುವಂತಿಲ್ಲ ಎಂದರು ಡಾಕ್ಟರು. ಜಲಜಾಕ್ಷಿ ಅಣ್ಣನಿಗೆ ತಿಳಿಸದೆ ಕಾಗದಕ್ಕೆ ಸಹಿ ಹಾಕಿದರು. ಗುರುವಾರ ಬೆಳಿಗ್ಗೆ, ವಿನಯಳನ್ನು ದಿನವೂ ಸ್ಕೂಟರಿನಲ್ಲಿ ಶಾಲೆಗೆ ಬಿಡುವ ಶೀನಣ್ಣನಿಗೆ “ಅವಳಿಗೆ ಜ್ವರ” ಎಂದು ಹೇಳಿ ಕಳಿಸಿ, ಹುಡುಗಿಯನ್ನು ಆಸ್ಪತ್ರೆಗೆ ತಂದರು. ಜ್ವರ ಎಂದದ್ದೇ ತಪ್ಪಾಯಿತು. ತಂಗಿಯ ಮಗಳಿಗೆ ಜ್ವರ ಎಂದರೆ ಆ ಮನುಷ್ಯ ಹೋಟೆಲಿನಲ್ಲಿ ಸುಮ್ಮನೆ ಕುಳಿತುಕೊಳ್ಳುವವರಲ್ಲ. ಗಂಜಿ ತುಂಬಿಸಿಕೊಂಡು ಮನೆಗೆ ಹೋದರು. ಮನೆಯಲ್ಲಿ ಯಾರೂ ಇರಲಿಲ್ಲ.

ಇತ್ತ ಥಿಯೇಟರಿನಲ್ಲಿ ಹುಡುಗಿಗೆ ಅರಿವಳಿಕೆ ಕೊಟ್ಟು, ಸೊಂಟದ ಎಲುಬಿನಿಂದ ಡಾಕ್ಟರು ಮಜ್ಜೆ ಎಳೆದರು. ಸ್ಟೀಲಿನ ಜಾಲರಿಯಲ್ಲಿ ಸೋಸಿ ಬಾಟಲಿಗೆ ತುಂಬಿಸಿದೆವು. ನೋಡಲು ರಕ್ತದಂತೆಯೇ ಇತ್ತು. ಮೇಲೆ ಕೊಬ್ಬಿನ ಸಣ್ಣ ಹೊಳಪು. ಗಾಜಿನ ಕೋಣೆಯಲ್ಲಿ ಐರಿನ್ ಬಾಯಿ ಮಗುವಿನ ಕಾಲಿನ ನಾಳಕ್ಕೆ ಸೂಜಿ ಕಟ್ಟಿ ಕಾಯುತ್ತಿದ್ದರು. ಡಾಕ್ಟರು ಮುಂದೆ, ನಾನು ಟ್ರೇ ಹಿಡಿದು ಹಿಂದೆ.

ಹತ್ತು ನಲವತ್ತಕ್ಕೆ ಶೀನಣ್ಣ ವಾರ್ಡಿಗೆ ಬಂದರು. ರೈನ್‌ಕೋಟಿನಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ಗಂಜಿಯ ಟಿಫಿನ್ ಕ್ಯಾರಿಯರ್. ಅದನ್ನು ಕಿಟಕಿಯ ದಂಡೆಯ ಮೇಲೆ ಅಲುಗದಂತೆ ಇಟ್ಟರು. ಆಮೇಲೆ ಡಾಕ್ಟರ ಗೌನಿನ ಮೇಲಿದ್ದ ಕೆಂಪು ಕಲೆ ನೋಡಿದರು.

“ಅದು ವಿನಯಂದಾ?”

“ಹೌದು. ಅವಳು ಚೆನ್ನಾಗಿದ್ದಾಳೆ. ಅರ್ಧ ಗಂಟೆಯಲ್ಲಿ ಏಳ್ತಾಳೆ.”

ಅವರು ನನ್ನ ಕಡೆ ತಿರುಗಿದರು. ದನಿ ಏರಿರಲಿಲ್ಲ. “ಆ ಬಾಟ್ಲಿ ಅವಳಿಗೇ ವಾಪಸ್ ಹಾಕಿ ಭಟ್ರೆ. ಇವನಿಗೆ ನನ್ನದು ಹಾಕಿ.” ರೈನ್‌ಕೋಟು ಕಳಚಿ, ತೋಳು ಮಡಚಿ, ಕೈಯನ್ನು ನನ್ನ ಮೂಗಿನ ಹತ್ತಿರ ಚಾಚಿದರು. ಎರಡು ವರ್ಷ ಹಿಂದೆ ನಾನು ಚುಚ್ಚಿದ್ದ ಅದೇ ನಾಳ ಉಬ್ಬಿತ್ತು.

ಆಗ ನಾನು ಹೇಳಿದೆ. ಯಾಕೆ ಹೇಳಿದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಅವರನ್ನು ತಡೆಯಲಿಕ್ಕೆ ಎಂದುಕೊಂಡಿದ್ದೇನೆ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಜಾರಿತು ಎಂದೂ ಇರಬಹುದು.

“ನಿಮ್ಮ ರಕ್ತ ಬೇಡ ಶೀನಣ್ಣ. ಇವನ ಅಣ್ಣ ಸತ್ತದ್ದು ಅದರಿಂದಲೇ.”

ಅವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಕಣ್ಣು ಮುಚ್ಚಿದರು.

ಗೋಡೆಗೆ ಒರಗಿಸಿದ್ದ ಕಬ್ಬಿಣದ ಡ್ರಿಪ್ ಸ್ಟ್ಯಾಂಡನ್ನು ಶೀನಣ್ಣ ಎತ್ತಿಕೊಂಡರು. ಮೊದಲ ಏಟು ಗಾಜಿನ ಗೋಡೆಗೆ ಬಿತ್ತು. ಅದು ಒಂದೇ ಸಲಕ್ಕೆ ಉದುರಲಿಲ್ಲ. ಮೇಲಿನಿಂದ ಹಾಳೆಹಾಳೆಯಾಗಿ ಕಳಚಿತು. ಎರಡನೇ ಏಟಿಗೆ ಬೇಸಿನ್ ಸೀಳಿತು. ಡಾಕ್ಟರು ಓಡಿಹೋಗಿ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು. ಮೂರನೇ ಏಟು ಅವರ ಹೆಗಲಿಗೆ. ಕನ್ನಡಕ ಹಾರಿತು. ಅವರು ಮಂಡಿಯೂರಿ ಬಿದ್ದರು, ಆದರೆ ಬಲಗೈ ಬಾಗಿಲಿನ ಚೌಕಟ್ಟನ್ನು ಬಿಡಲಿಲ್ಲ. ನಾಲ್ಕನೇ ಏಟು ಆ ಕೈಗೆ. ಐದನೆಯದೂ ಅದೇ ಕೈಗೆ. ಒಣಗಿದ ಸೌದೆ ಮುರಿದಂತಹ ಸದ್ದು, ಮಳೆಯ ನಡುವೆಯೂ ಸ್ಪಷ್ಟವಾಗಿ ಕೇಳಿತು. ಪ್ರತಿ ಏಟಿಗೂ ಶೀನಣ್ಣ “ಸುಳ್ಳು, ಸುಳ್ಳು” ಎನ್ನುತ್ತಿದ್ದರು. ಡಾಕ್ಟರು ಅವರ ಕಡೆ ನೋಡಲೇ ಇಲ್ಲ. ನನ್ನ ಕಡೆ ನೋಡಿ ಕೂಗಿದರು:

“ಬಾಟ್ಲಿ, ಭಟ್ರೆ! ಬಾಟ್ಲಿ ಬಿಡ್ಬೇಡಿ!”

ನಾನು ಬಿಡಲಿಲ್ಲ. ಟ್ರೇಯನ್ನು ಎದೆಗೆ ಒತ್ತಿ ಹಿಡಿದು, ನಿಂತಲ್ಲೇ ನಿಂತೆ. ಅದನ್ನು ಕೆಳಗಿಟ್ಟು ಆ ಮನುಷ್ಯನ ಕೈ ಹಿಡಿಯಬಹುದಿತ್ತೇ? ಇಟ್ಟರೆ ಒಡೆಯುತ್ತಿತ್ತೇ? ಅವರ ಮಾತು ಕೇಳಿ ನಿಂತೆನೋ, ಆ ಮಾತಿನ ಹಿಂದೆ ಅಡಗಿ ನಿಂತೆನೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನನಗೆ ಒಂದೂ ಏಟು ಬೀಳಲಿಲ್ಲ.

ಒಳಗೆ ಐರಿನ್ ಬಾಯಿ ಮಗುವನ್ನು ಎದೆಗೆ ಅವುಚಿ ನಮಗೆ ಬೆನ್ನು ಮಾಡಿ ಬಗ್ಗಿದ್ದರು. ಅವರ ಬಿಳಿ ಟೊಪ್ಪಿಯ ಕೆಳಗಿನಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

ಸದ್ದು ಕೇಳಿ ಥಿಯೇಟರಿನಿಂದ ಜಲಜಾಕ್ಷಿ ಬಂದರು. ಬರಿಗಾಲಿನಲ್ಲಿ ಗಾಜಿನ ಮೇಲೆಯೇ ನಡೆದುಬಂದರು. ಒಂದು ಉದ್ದ ಚೂರನ್ನು ಹೆಕ್ಕಿ, ಸೆರಗು ಸರಿಸಿ, ಹೊಕ್ಕುಳಿನ ಕೆಳಗೆ ಒತ್ತಿ ಹಿಡಿದರು.

“ಅಣ್ಣಾ, ಸಂತಾನ ಅಲ್ವಾ ನಿಮಗೆ ಬೇಕಾದ್ದು? ಅದು ಇಲ್ಲಿ ಉಂಟು. ಇನ್ನೊಂದು ಏಟು ಹಾಕಿ. ಇಲ್ಲೇ ಕುಯ್ತೇನೆ.”

ಮಾತು ಮುಗಿಯುವ ಮೊದಲೇ ಚೂರು ಒಳಗೆ ಹೋಗಿತ್ತು. ಸೀರೆಯ ನೆರಿಗೆ ನಿಧಾನವಾಗಿ ಕೆಂಪಾಯಿತು. ಶೀನಣ್ಣನ ಕೈಯಿಂದ ಸ್ಟ್ಯಾಂಡು ಬಿತ್ತು. ಗಡಿಯಾರ ನೋಡಿದೆ. ಹತ್ತು ನಲವತ್ತನಾಲ್ಕು.

ಡಾಕ್ಟರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಬಲಗೈಯನ್ನು ಬೇರೆ ಯಾರದ್ದೋ ವಸ್ತುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. “ಐರಿನ್, ಮಗುವನ್ನು ಥಿಯೇಟರಿಗೆ ತಗೊಂಡು ಹೋಗಿ. ಜಲಜಕ್ಕನ ಹೊಟ್ಟೆಗೆ ಯಾರಾದ್ರೂ ಬಟ್ಟೆ ಒತ್ತಿ ಹಿಡೀರಿ. ಭಟ್ರೆ, ನೀವು ಹಾಕಿ.”

“ನಾನಾ?”

“ಮತ್ತೆ ಯಾರು? ನನ್ನ ಕೈ ನೋಡಿ. ಅವತ್ತು ತೆಗೆದ ಕೈ ಅಲ್ವಾ ನಿಮ್ಮದು, ಇವತ್ತು ಕೊಡಿ.”

ಥಿಯೇಟರಿನಲ್ಲಿ ಅಕ್ಕ ಇನ್ನೂ ನಿದ್ದೆಯಲ್ಲಿದ್ದಳು. ಪಕ್ಕದ ಟ್ರಾಲಿಯಲ್ಲಿ ತಮ್ಮನನ್ನು ಮಲಗಿಸಿದೆವು. ಬಾಟಲಿ ತಲೆಕೆಳಗಾಗಿ ತೂಗಿತು. ಹನಿಹನಿಯಾಗಿ ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಾನು ಹನಿ ಎಣಿಸುತ್ತಾ ನಿಂತೆ.

ಜಲಜಾಕ್ಷಿಯ ಗಾಯ ಆಳಕ್ಕೆ ಇಳಿದಿರಲಿಲ್ಲ, ಹೊಲಿಗೆಯಲ್ಲಿ ಮುಗಿಯಿತು. ಪೊಲೀಸರು ಬಂದರು. ಗಾಜಿನ ಗೋಡೆ ಕುಸಿದು ಕೈ ಸಿಕ್ಕಿಕೊಂಡಿತು ಎಂದು ಡಾಕ್ಟರು ಬರೆಸಿದರು. ಯಾಕೆ ಎಂದು ಕೇಳಿದ್ದಕ್ಕೆ, “ಅವರನ್ನು ಜೈಲಿಗೆ ಹಾಕಿದ್ರೆ ನಾಳೆಯೇ ಮನೆಯವರು ಮಗುವನ್ನು ಕೊಂಡುಹೋಗ್ತಾರೆ. ಎರಡು ತಿಂಗಳು ನನಗೆ ಆ ಮಗು ಇಲ್ಲೇ ಬೇಕು” ಎಂದರು.

ದಿನವೂ ಒಂದು ಸ್ಲೈಡು ನೋಡಿದೆ. ಹದಿನಾಲ್ಕನೇ ದಿನ ಮಗುವಿನ ಕಿವಿಯ ಹಿಂದೆ ಕೆಂಪು ಗಂಧೆ ಎದ್ದಿತು. ಜಲಜಾಕ್ಷಿ ನನ್ನನ್ನು ನೋಡಿದರು, ನಾನು ಅವರನ್ನು. ನಾಲ್ಕು ದಿನ ಇದ್ದು ಅದು ಇಳಿಯಿತು. ಐದನೇ ವಾರ, ಒಂದೇ ಸ್ಲೈಡಿನಲ್ಲಿ ಹನ್ನೊಂದು ಲಿಂಫೋಸೈಟು ಎಣಿಸಿದೆ. ನಂಬಿಕೆಯಾಗದೆ ಮೂರು ಸಲ ಎಣಿಸಿದೆ. ಡಾಕ್ಟರು ಎಡಗೈಯಿಂದ ಮೈಕ್ರೋಸ್ಕೋಪು ಸರಿಮಾಡಿಕೊಂಡು ನೋಡಿ, “ಇದು ಅಕ್ಕಂದು” ಎಂದರು.

ಅಷ್ಟೂ ದಿನ ಶೀನಣ್ಣ ಆಸ್ಪತ್ರೆಯ ಮೆಟ್ಟಿಲಲ್ಲಿ ಗಂಜಿಯ ಟಿಫಿನ್ ಹಿಡಿದು ಕುಳಿತಿರುತ್ತಿದ್ದರು. ಒಳಗೆ ಬರಲಿಲ್ಲ. ಆಟಿ ಕಳೆದು ಸೋಣ ತಿಂಗಳಲ್ಲಿ ಒಂದು ಸಂಜೆ ನಾನು ಕೊಡೆ ಬಿಡಿಸುತ್ತಿರುವಾಗ ಕೇಳಿದರು.

“ಭಟ್ರೆ, ನೀವು ಹೇಳಿದ್ದು ಹೌದಾ?”

ಇಲ್ಲ ಎಂದು ಹೇಳಿಬಿಡಬಹುದಿತ್ತು. “ಹೌದು” ಎಂದೆ. “ಆದ್ರೆ ಗುಂಪು ನೋಡಿದ್ದು ನಾನು. ಸೂಜಿ ಚುಚ್ಚಿದ್ದು ನಾನು.”

ಅವರು ಟಿಫಿನ್ ಎತ್ತಿಕೊಂಡು ಎದ್ದರು. “ಹಾಗಾದ್ರೆ ಇಬ್ಬರೂ ಅಂತಾಯ್ತು” ಎಂದರು. ಮತ್ತೆಂದೂ ನನ್ನ ಜೊತೆ ಮಾತಾಡಲಿಲ್ಲ.

ಡಾಕ್ಟರ ಬಲಗೈಯ ಮೂರು ಬೆರಳುಗಳು ಮತ್ತೆ ಮಡಚಲಿಲ್ಲ. ಮಜ್ಜೆಯ ಸೂಜಿಯನ್ನು ಎಲುಬಿಗೆ ತಿರುಗಿಸಿ ಇಳಿಸಲು ಇಡೀ ಅಂಗೈಯ ಬಲ ಬೇಕು. ಮುಂದಿನ ವರ್ಷಗಳಲ್ಲಿ ಅಂಥವೇ ಇನ್ನೆರಡು ಗಂಡುಮಕ್ಕಳು ನಮ್ಮಲ್ಲಿಗೆ ಬಂದವು, ಬೇರೆ ಬೇರೆ ಮನೆಗಳಿಂದ. ಅವುಗಳಿಗೂ ಹೊಂದುವ ಒಡಹುಟ್ಟಿದವರಿದ್ದರು. ಸೂಜಿ ಹಾಕುವ ಕೈ ನಮ್ಮಲ್ಲಿರಲಿಲ್ಲ. ದೂರದ ಊರಿಗೆ ಕಳಿಸುವ ಏರ್ಪಾಡು ಆಗುವಷ್ಟರಲ್ಲಿ ಎರಡೂ ತೀರಿಕೊಂಡವು. ಆ ಸ್ಲೈಡುಗಳೂ ನನ್ನ ಪೆಟ್ಟಿಗೆಯಲ್ಲಿವೆ. ನನ್ನ ಆ ಒಂದು ಮಾತಿನ ಲೆಕ್ಕದಲ್ಲಿ ಅವನ್ನೂ ಸೇರಿಸಬೇಕು. ಡಾಕ್ಟರು ಉತ್ತರದ ಒಂದು ಊರಿಗೆ ಪಾಠ ಹೇಳಲು ಹೋದರು. ಹೊರಡುವ ದಿನವೂ ನನ್ನನ್ನು ಬೈಯಲಿಲ್ಲ.

ಇನ್ನು ಆ ನಾಲ್ಕು ನಿಮಿಷ ನೋಡಿದವರು. ಡಾಕ್ಟರ್ ನಿರ್ಮಲಾ ತೀರಿಕೊಂಡಿದ್ದಾರೆ. ಶೀನಣ್ಣ ಅವರಿಗಿಂತ ಮೊದಲೇ ಹೋದರು. ವಿನಯ ನಿದ್ದೆಯಲ್ಲಿದ್ದಳು, ಅವಳನ್ನು ಸೇರಿಸುವಂತಿಲ್ಲ. ಅವಳಿಗೆ ಮೂವರು ಮಕ್ಕಳು. ಜಲಜಾಕ್ಷಿ ಉರ್ವದ ಮನೆಯಲ್ಲೇ ಇದ್ದಾರೆ, ಆ ದಿನದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಐರಿನ್ ಬಾಯಿ ಕಂಕನಾಡಿಯಲ್ಲಿ ಮಗಳ ಜೊತೆ ಇದ್ದಾರೆ. “ನಾನು ಬೆನ್ನು ಹಾಕಿ ನಿಂತಿದ್ದೆ ಮಾರಾಯ್ರೆ, ಕೇಳಿದ್ದು ಮಾತ್ರ” ಎನ್ನುತ್ತಾರೆ.

ಅವರು ಬೆನ್ನು ಹಾಕಿದ್ದರು. ಅವರ ಹೆಗಲ ಮೇಲೆ ಇದ್ದ ಮಗುವಿನ ಮುಖ ನನ್ನ ಕಡೆಗಿತ್ತು. ನಡುವೆ ಇದ್ದ ಗಾಜು ಆಗ ಇರಲಿಲ್ಲ. ಅದು ಅಳಲಿಲ್ಲ. ನಾಲ್ಕು ನಿಮಿಷವೂ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿತ್ತು.

ಆ ಮಗು, ಪ್ರಸಾದ, ಈಗ ಆ ಕುಟುಂಬದ ಯಜಮಾನ. ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತಿರುತ್ತಾನೆ. ನಾನು ಹೋದರೆ ಎದ್ದು ನಿಂತು, “ಬನ್ನಿ ಭಟ್ರೆ, ಕೂತ್ಕೊಳ್ಳಿ” ಎನ್ನುತ್ತಾನೆ. ನಾನು ನಿಂತೇ ಇದ್ದುದನ್ನು ಪೂರ್ತಿ ನೋಡಿದವನು ಅವನೊಬ್ಬ.